ಸಮೀಕರಣಕ್ಕೆ ಒಂದು ಹಿಡಿ ಕೊಸರು

ಸಖರಾಯಪಟ್ಟಣದ ಬಸ್ ನಿಲ್ದಾಣದ ಎದುರಿಗೇ ನನ್ನ ದಿನಸಿ ಅಂಗಡಿ. ತಕ್ಕಡಿ ಹಿಡಿದು ಇಪ್ಪತ್ತೆರಡು ವರ್ಷವಾಯಿತು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಾನು ಕಡೂರು ತಾಲ್ಲೂಕಿಗೇ ಮೊದಲು ಬಂದವನೆಂದು ಮಗಳು ಸ್ಪಂದನಾ ನಂಬಿದ್ದಳು. ನಂಬಿಸಿದ ಪುಣ್ಯಾತ್ಮ ನಾನೇ. ಮೂರು ಸಲ ಪರೀಕ್ಷೆಗೆ ಕೂತು ಮೂರು ಸಲವೂ ಡುಮ್ಕಿ ಹೊಡೆದವನು ನಾನು.

ಎಂಟನೇ ಕ್ಲಾಸಿನ ಟೆಸ್ಟಿನ ಹಿಂದಿನ ದಿನ ಅವಳು ಪುಸ್ತಕ ಹಿಡಿದು ಅಂಗಡಿಗೇ ಬಂದಳು. 3x + 4 = 24. x ಎಷ್ಟು? ನಾಲ್ಕನ್ನು ಆಚೆ ಕಳಿಸಿ ಇಪ್ಪತ್ತು ಮಾಡಿದೆ. ಅಷ್ಟು ನನಗೂ ಬರುತ್ತದೆ. ಹಾಳಾದ ಇಪ್ಪತ್ತು ಮೂರರಿಂದ ಭಾಗವಾಗಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವನು ನಾನು, ಮಗಳ ಮುಂದೆ ತಲೆ ಕೆರೆದುಕೊಳ್ಳುವುದುಂಟೆ? ನಮ್ಮಂಗಡಿಯಲ್ಲಿ ತೂಗಿದ ಮೇಲೆ ಗಿರಾಕಿಗೆ ಒಂದು ಹಿಡಿ ಕೊಸರು ಹಾಕದೆ ಪೊಟ್ಟಣ ಕಟ್ಟುವುದಿಲ್ಲ. ರೂಢಿಬಿದ್ದ ಕೈ ಇಪ್ಪತ್ತಕ್ಕೂ ಒಂದು ಹಾಕಿತು. ಇಪ್ಪತ್ತೊಂದು. x ಏಳು.

"ಎರಡೂ ಕಡೆ ಸಮ ಇರ್ಬೇಕಂತೆ ಕಣಪ್ಪಾ."

"ಲೇ, ಸಮ ತೂಗಿದ್ರೆ ಯಾವ ಗಿರಾಕಿ ಬತ್ತಾನೆ? ಒಂದು ಕೊಸರು ಹಾಕ್ಬೇಕು ಕಣೇ. ಬರ್ಕೋ."

ಬರೆದುಕೊಂಡಳು. ಟೆಸ್ಟಿನಲ್ಲಿ ಎಲ್ಲ ಲೆಕ್ಕಕ್ಕೂ ಧಾರಾಳವಾಗಿ ಕೊಸರು ಹಾಕಿ ಬಂದಳು.

ಮೂರನೆಯ ದಿನ ಶಾಲೆಯಿಂದ ಫೋನು. ಹೋದರೆ, ಸ್ಪಂದನಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಗಣಿತದ ಸೀತಾದೇವಿ ಮೇಡಂ ಉತ್ತರಪತ್ರಿಕೆ ಮುಂದಿಟ್ಟರು. ಹತ್ತಕ್ಕೆ ಸೊನ್ನೆ.

"ತಪ್ಪು ಅಂದ್ರೆ ಒಪ್ಪಲ್ಲ ಕಣ್ರೀ. ನಮ್ಮಪ್ಪಂಗೆ ನಿಮಗಿಂತ ಚೆನ್ನಾಗಿ ಲೆಕ್ಕ ಬರುತ್ತೆ ಅಂತ ಇಡೀ ಕ್ಲಾಸಿನ ಮುಂದೆ ವಾದಕ್ಕೆ ನಿಂತ್ಲು. ನೀವೇ ಹಿಂಗೆ ಹೇಳ್ಕೊಟ್ರಾ?"

ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳೇ ಏನೋ ತಪ್ಪು ಬರೆದುಕೊಂಡಿದ್ದಾಳೆ ಎಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿವರೆಗೂ ಬಂದಿತ್ತೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

"ನಾನೇ ಹೇಳ್ಕೊಟ್ಟಿದ್ದು ಮೇಡಂ. ಅವಳದೇನೂ ತಪ್ಪಿಲ್ಲ. ನಾನು ಲೆಕ್ಕದಲ್ಲಿ ಮೂರು ಸಲ ಫೇಲು."

ಮೇಡಂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಮನೆ ಮುಂದೆ ಇಳಿದು ಹೇಳಿದಳು.

"ಫೇಲಾಗಿದ್ದು ಹೋಗ್ಲಿ ಬಿಡಪ್ಪಾ. ಬರಲ್ಲ ಅಂತ ಅವತ್ತೇ ಅಂದಿದ್ರೆ ಪಕ್ಕದ್ಮನೆ ಅಮೂಲ್ಯಕ್ಕನ್ನ ಕೇಳ್ತಿದ್ದೆ."

ಸಂಜೆ ಉತ್ತರಪತ್ರಿಕೆಗೆ ಮನೆಯವರ ಸಹಿ ಬೇಕಾಗಿತ್ತು. ಇಷ್ಟು ವರ್ಷವೂ ಹಾಕಿದವನು ನಾನೇ ಎಂದು ಪೆನ್ನಿನ ಕ್ಯಾಪು ತೆಗೆದು ಕಾದು ಕೂತೆ. ಅವಳು ನೇರವಾಗಿ ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಹಾಕಿಸಿಕೊಂಡಳು.