ಬಚ್ಚಲ ಟೈಲ್ಸಿನ ಕಪ್ಪು ಗೆರೆ

ನಿವೃತ್ತ ಬಸ್ ಡ್ರೈವರ್ ಮಾವನಿಗೂ ಸೊಸೆಗೂ ಜಗಳವೇನೂ ಇರಲಿಲ್ಲ, ಮಾತು ಅಷ್ಟಕ್ಕಷ್ಟೆ. ಆದರೆ ಹಿಂದಿನ ದಿನ ಅವಳು ಬಚ್ಚಲ ಟೈಲ್ಸಿನ ಸಂದು ನೋಡಿ, "ಅತ್ತೆ ಹೋದ್ಮೇಲೆ ಇದಕ್ಕೆ ದಿಕ್ಕೇ ಇಲ್ಲ, ಮಸಿ ಬಳಿದ ಹಾಗಾಗಿದೆ" ಎಂದು ಗೊಣಗಿದ್ದು ಅವರ ಕಿವಿಗೆ ಬಿದ್ದಿತ್ತು. ಬೇರೇನೂ ಕೇಳಿಸದ ಕಿವಿಗೆ ಇಂಥದ್ದು ಮಾತ್ರ ನೆಟ್ಟಗೆ ಕೇಳಿಸುತ್ತದೆ.

ಬೆಳಿಗ್ಗೆ ಅವಳು ಬಚ್ಚಲ ನೆಲಕ್ಕೆ ಬ್ಲೀಚ್ ಸುರಿದು, ನೆನೆಯಲಿ ಎಂದು ಬಿಟ್ಟು, ಟೆರೇಸಿಗೆ ಬಟ್ಟೆ ಹರವಲು ಹೋದಳು. ಮಾವನಿಗೆ ಹೇಳಲಿಲ್ಲ. ಮಾವನೂ ಅವಳಿಗೆ ಹೇಳಲಿಲ್ಲ. ಹೆಂಡತಿ ಮಾಡುತ್ತಿದ್ದಂತೆಯೇ ಅಡುಗೆ ಸೋಡಾ, ವಿನಿಗರ್ ಬಾಟಲಿ, ಹಳೆಯ ಟೂತ್‌ಬ್ರಷ್ ಹಿಡಿದು, ನೀರು ತಾಗೀತೆಂದು ಶ್ರವಣಯಂತ್ರ ತೆಗೆದಿಟ್ಟು, ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನೆಗಡಿಯಿಂದ ಮೂಗು ಕಟ್ಟಿತ್ತು, ವಾಸನೆ ತಿಳಿಯಲಿಲ್ಲ. ನೆಲದ ಒದ್ದೆಯನ್ನು ಸ್ನಾನದ ನೀರೆಂದುಕೊಂಡು ಅದರ ಮೇಲೆಯೇ ವಿನಿಗರ್ ಸುರಿದರು.

ಕೆಳಗಿಳಿದ ಸೊಸೆಗೆ ನಡುಮನೆಯಲ್ಲೇ ಘಾಟು ಬಡಿಯಿತು. ಬಚ್ಚಲೊಳಗಿಂದ ಕೆಮ್ಮು. ಮೇಜಿನ ಮೇಲೆ ಶ್ರವಣಯಂತ್ರ, ಅಡುಗೆಕಟ್ಟೆಯ ಮೇಲೆ ವಿನಿಗರ್ ಮುಚ್ಚಳ.

"ಮಾವಾ! ಚಿಲಕ ತೆಗೀರಿ! ಬ್ಲೀಚಿಗೆ ವಿನಿಗರ್ ಬೆರೆತ್ರೆ ವಿಷದ ಗಾಳಿ!"

ಉತ್ತರಕ್ಕೆ ಕೆಮ್ಮೇ. ಗುದ್ದಿದಳು, ಭುಜ ಕೊಟ್ಟು ನೂಕಿದಳು, ಬಾಗಿಲು ಜಗ್ಗಲಿಲ್ಲ. ಹಿಂದಿನ ಓಣಿಗೆ ಓಡಿ, ಬಕೆಟ್ ಬೋರಲು ಹಾಕಿ ಹತ್ತಿ, ಬಚ್ಚಲ ಕಿಟಕಿಯ ಗಾಜಿನ ಪಟ್ಟಿಗಳನ್ನು ಕಿತ್ತೆಸೆದಳು. ಅಂಗೈ ಸೀಳಿತು. ಒಳಗೆ ಮಾವ ಮೊಣಕಾಲೂರಿ, ಕಣ್ಣು ಬಿಡಲಾಗದೆ, ಬಾಗಿಲೆಂದು ಗೋಡೆ ತಡವುತ್ತಿದ್ದರು. ಕೂಗಿ ಫಲವಿಲ್ಲ. ಓಣಿಯಲ್ಲಿದ್ದ ನೆಲ ಒರೆಸುವ ಕೋಲನ್ನು ಒಳಗೆ ತೂರಿಸಿ ಅವರ ಹೆಗಲಿಗೆ ತಟ್ಟಿದಳು. ಅವರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಉಸಿರು ಬಿಗಿಹಿಡಿದು, ಕೋಲನ್ನು ಮೆಲ್ಲಗೆ ಬಾಗಿಲ ಕಡೆ ತಿರುಗಿಸಿದಳು. ಅದರ ಜೊತೆಗೇ ತೆವಳಿದ ಅವರ ಕೈಗೆ ಬಾಗಿಲು ಸಿಕ್ಕಿತು, ಚಿಲಕ ಸದ್ದು ಮಾಡಿತು.

ಸುತ್ತಿ ಓಡಿಬಂದು, ಹೊಸ್ತಿಲಲ್ಲಿ ಕುಸಿದವರನ್ನು ಕಂಕುಳಿಗೆ ಕೈಹಾಕಿ ಬೀದಿಗೇ ಎಳೆದು ತಂದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಡಾಕ್ಟರು, "ಇನ್ನೊಂದಿಷ್ಟು ಹೊತ್ತು ಒಳಗಿದ್ದಿದ್ರೆ ಕಷ್ಟ ಇತ್ತು" ಎಂದರು.

ಮಾತು ಬಂದೊಡನೆ ಮಾವ ಹೇಳಿದರು: "ನೀನಂದಿದ್ದು ಮನಸ್ಸಿಗೆ ಚುಚ್ಚಿತ್ತು ಕಣಮ್ಮ. ಅವಳಿದ್ದಾಗಿನ ಹಾಗೇ ಬೆಳ್ಳಗಿರ್ಲಿ ಅಂತ..."

ಸೊಸೆ ಮನೆಯಿಂದ ತಂದಿದ್ದ ಶ್ರವಣಯಂತ್ರವನ್ನು ಅವರ ಕಿವಿಗೆ ಸಿಕ್ಕಿಸಿ, ಕಟ್ಟು ಹಾಕಿದ ಅಂಗೈಯಲ್ಲೇ ಕಣ್ಣೊರೆಸಿಕೊಂಡಳು. "ಬಾಯ್ತಪ್ಪಿ ಅಂದ್ಬಿಟ್ಟೆ ಮಾವ. ಬ್ಲೀಚ್ ಹಾಕಿದೀನಿ ಅಂತ ಒಂದು ಮಾತು ಹೇಳ್ಬೇಕಿತ್ತು."

"ನಾನೂ ಕೇಳ್ಬೇಕಿತ್ತು. ಹಾರ್ನ್ ಹೊಡೀದೆ ತಿರುವು ತಗೊಂಡ್ರೆ ಇನ್ನೇನಾಗತ್ತೆ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಮುಂದಿನ ವಾರ ಕಿಟಕಿ ಬಾಗಿಲೆಲ್ಲ ತೆರೆದಿಟ್ಟು, ಬರೀ ಸೋಡಾ, ನೀರು ಕಲಸಿಕೊಂಡು ಇಬ್ಬರೂ ಕೂತರು. ಸ್ಟೂಲಿನ ಮೇಲೆ ಕೂತ ಮಾವನಿಗೆ ಗೋಡೆ, ಸೊಸೆಗೆ ನೆಲ. ಒಂದು ಮೂಲೆಯ ಕಪ್ಪು ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಅದರ ತಂಟೆಗೆ ಇಬ್ಬರೂ ಹೋಗಲಿಲ್ಲ.