ಇನ್ನೂ ಬಾರದ ನಾಯಿಗೊಂದು ಡಬ್ಬಿ

ಕಟಿಂಗ್ ಶಾಪ್ ಯಜಮಾನನ ಕುರ್ಚಿ ಮತ್ತೆ ಕೈಕೊಟ್ಟಿತು. ಗಿರಾಕಿಯ ಅರ್ಧ ಗಡ್ಡ ಹೋಗಿತ್ತು, ಇನ್ನರ್ಧದ ಮೇಲೆ ನೊರೆ ಇತ್ತು. ಅಷ್ಟರಲ್ಲಿ ಕುರ್ಚಿ ಬುಸ್ಸೆಂದು ಕೆಳಗಿಳಿದು, ಆ ಮನುಷ್ಯನ ಮುಖ ಕನ್ನಡಿಯಿಂದಲೇ ಮಾಯವಾಯಿತು. ಬೆಂಚಿನ ಮೇಲೆ ಕಾಯುತ್ತಿದ್ದವರು ಜೋರಾಗಿ ನಕ್ಕರು. ಕುರ್ಚಿ ನೋಡಿ ನಕ್ಕಿದ್ದರೆ ಯಜಮಾನ ಹೇಗೋ ಸಹಿಸಿಕೊಳ್ಳುತ್ತಿದ್ದ. ಅವರು ನಗುತ್ತಿದ್ದದ್ದು ರಸ್ತೆಯಾಚೆ ನೋಡಿ!

ರಸ್ತೆಯಾಚೆ ಅವನ ಷಡ್ಡಕನ ಫೋಟೋ ಸ್ಟುಡಿಯೋ. ಅದರ ಮೆಟ್ಟಿಲ ಮೇಲೆ ಅಸಲಿ ತಳಿಯ ಟೆರಿಯರ್ ನಾಯಿ ಚೆಂಡನ್ನು ಬಾಯಲ್ಲಿ ಕಚ್ಚಿಕೊಂಡು ಕುಣಿಯುತ್ತಿತ್ತು. ಒರಟು ಕೂದಲು, ಚೌಕ ಗಡ್ಡ, ದಪ್ಪ ಮೀಸೆ. ಅದರ ಹೆಸರೂ ಮೀಸೆಯೇ. ಹೋಗಿ ಬರುವವರು ಅದರ ತಲೆ ಸವರಲು ನಿಲ್ಲುತ್ತಿದ್ದರು, ಹಾಗೇ ಒಳಗೆ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ಯಜಮಾನನಿಗೆ ಹೊಟ್ಟೆ ಉರಿಯದೆ ಇನ್ನೇನಾದೀತು? ಅತ್ತೆ ಕೂಡ ಈಗ ಕಿರಿಯ ಅಳಿಯನ ಮನೆಯಲ್ಲೇ ಇಳಿದುಕೊಳ್ಳುತ್ತಿದ್ದರು. "ಹೊರಡ್ತೀನಿ ಅಂದ್ರೆ ಮೀಸೆ ನನ್ನ ಚಪ್ಪಲೀನೇ ಬಚ್ಚಿಡುತ್ತಪ್ಪ" ಎಂದು ಬಂದು ಇವನ ಮುಂದೆಯೇ ಹೇಳಿಕೊಳ್ಳುವುದು ಬೇರೆ.

ಆ ಸಂಜೆ ಮನೆಯಲ್ಲಿ ಅವನು ಘೋಷಿಸಿಬಿಟ್ಟ. "ನಮಗೂ ಅದೇ ತಳಿ ಮರಿ ಬೇಕು. ಮಾರೋನ ಹತ್ರ ಮಾತಾಡಿ ಬಂದಿದೀನಿ. ಭಾನುವಾರ ಮುಂಗಡ ಕೊಡಬೇಕು."

ಹೆಂಡತಿ ಅಂಗಡಿಯ ಟವೆಲ್ಲುಗಳನ್ನು ಮಡಚುತ್ತಿದ್ದಳು. "ಯಾವ ದುಡ್ಡಲ್ಲಿ?"

"ಕುರ್ಚಿಗೆ ಅಂತ ಕೂಡಿಟ್ಟಿದೀವಲ್ಲ."

"ರೀ, ತಲೆ ನೆಟ್ಟಗಿದೆ ತಾನೇ? ಆ ಕುರ್ಚಿ ಮೇಲೆ ಗಿರಾಕಿ ಕೂತ್ರೆ ತಾನೇ ನಮ್ಮ ಒಲೆ ಉರಿಯೋದು?"

"ಒಂದ್ಸಲ ಮರಿ ತಂದ್ರೆ ಮುಗೀತು ಕಣೇ. ಆಮೇಲೆ ಏನು ಖರ್ಚು? ನಾವು ತಿಂದು ಉಳಿದಿದ್ದು ತಿನ್ನುತ್ತೆ. ಕೂದಲು ಕತ್ತರಿಸೋಕೆ ನಾನೇ ಇದೀನಿ!"

ಅವಳು ಟವೆಲ್ಲು ಬದಿಗಿಟ್ಟಳು. ತಂಗಿಗೆ ಫೋನು ಮಾಡಿದಳು. ತಂಗಿ, ಅಂದರೆ ಷಡ್ಡಕನ ಹೆಂಡತಿ, ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು. ಮೀಸೆಯನ್ನೂ ಕರೆದುಕೊಂಡೇ ಬಂದಳು. ಯಜಮಾನ ಕೈಚಳಕ ತೋರಿಸಲು ಕೂದಲು ಕತ್ತರಿಸುವ ಮೆಷಿನ್ ಹಿಡಿದು ಎದ್ದ.

"ಅಯ್ಯೋ ಭಾವ, ಮೆಷಿನ್ ಹಾಕಬೇಡಿ!" ಎಂದು ನಾದಿನಿ ಕೂಗಿದಳು. "ಇದರ ಹಳೇ ಕೂದಲನ್ನ ಕೈಯಲ್ಲೇ ಕಿತ್ತು ತೆಗೀಬೇಕು. ಮೆಷಿನ್ ಓಡಿಸಿದ್ರೆ ಈ ಒರಟು ಕೂದಲು ಹೋಗಿ ಹತ್ತಿ ಥರ ಬೆಳೆಯುತ್ತೆ. ಕೀಳೋಕೆ ಬಲ್ಲವರು ಬೇರೆ ಇದಾರೆ. ನೀವು ದಿನವಿಡೀ ನಿಂತು ದುಡಿಯೋದನ್ನ ಅವರು ಒಂದು ನಾಯಿಗೇ ತಗೋತಾರೆ."

"ಒಂದು ನಾಯಿಗಾ!" ಈಗ ಆ ಕೂದಲು ಕೀಳುವವರ ಮೇಲೂ ಯಜಮಾನನಿಗೆ ಹೊಟ್ಟೆಕಿಚ್ಚಾಯಿತು.

"ಅದು ಒಂದು ಖರ್ಚು ಅಷ್ಟೇ. ನಾವು ತಿನ್ನೋ ಉಪ್ಪು ಖಾರ ಅದಕ್ಕೆ ಆಗಲ್ಲ, ಊಟ ಬೇರೆ ತರಬೇಕು. ವರ್ಷ ವರ್ಷ ಲಸಿಕೆ, ಜಂತುಹುಳದ ಮಾತ್ರೆ, ಉಣ್ಣಿಗೆ ಔಷಧಿ. ನಾವೆಲ್ಲಾದ್ರೂ ಹೋದ್ರೆ ನೋಡಿಕೊಳ್ಳೋರಿಗೆ ಕೊಡಬೇಕು. ಇದ್ದಕ್ಕಿದ್ದಂತೆ ಕಾಯಿಲೆ ಬಿದ್ರೆ ಅಂತ ಒಂದಿಷ್ಟು ತೆಗೆದಿಡಬೇಕು. ಟೆರಿಯರ್ ಹತ್ತು ಹದಿನೈದು ವರ್ಷ ಬದುಕುತ್ತೆ ಭಾವ."

"ನಿನ್ನ ಗಂಡ ಸಾಕ್ತಿಲ್ವಾ? ನಾನೇನು ಅವನಿಗಿಂತ ಕಡಿಮೆನಾ?"

"ಸಾಕ್ತಿದಾರೆ. ಅದಕ್ಕೇ ಹೊಸ ಕ್ಯಾಮೆರಾ ಆಸೆ ಬಿಟ್ಟಿದಾರೆ. ನಿಮಗೆ ಅಂಗಡಿಯಿಂದ ಮೀಸೆ ಕಾಣುತ್ತೆ, ಅವರ ಹಳೇ ಕ್ಯಾಮೆರಾ ಕಾಣಲ್ಲ."

ಯಜಮಾನ ಮುಖ ದಪ್ಪ ಮಾಡಿಕೊಂಡು ಕೂತ. ನಾದಿನಿಗೆ ಪಾಪ ಅನ್ನಿಸಿತು. "ಒಂದು ಕೆಲಸ ಮಾಡಿ. ಆರು ತಿಂಗಳು ನಾಯಿ ಇಲ್ಲದೇ ನಾಯಿ ಸಾಕಿ. ಅದಕ್ಕಾಗೋ ಖರ್ಚನ್ನ ತಿಂಗಳು ತಿಂಗಳು ಒಂದು ಡಬ್ಬಿಗೆ ಹಾಕಿ. ನಿಮಗೆ ಭಾರ ಅನ್ನಿಸದಿದ್ರೆ ಮರಿ ತರೋಕೆ ನಾನೇ ಬರ್ತೀನಿ."

ಷಡ್ಡಕ ಮಾಡಿದ್ದನ್ನು ತಾನು ಮಾಡಲಾರೆನೇ? ಯಜಮಾನ ಮುಂಗಡ ಕೊಡುವ ಯೋಚನೆ ಮುಂದೂಡಿ, ಪೌಡರಿನ ಖಾಲಿ ಡಬ್ಬಿಯೊಂದನ್ನು ಕನ್ನಡಿಯ ಪಕ್ಕ ಇಟ್ಟ. ಮೊದಲ ತಿಂಗಳು ತನ್ನ ಮೀಸೆ ತಿರುವುತ್ತಲೇ ದುಡ್ಡು ಹಾಕಿದ. "ಏನಪ್ಪಾ, ನಿನ್ನ ನಾಯಿ ಹೇಗಿದೆ?" ಎಂದು ಗಿರಾಕಿಗಳು ಕೆಣಕಿದರೆ "ಗುಂಡುಗುಂಡಾಗಿದೆ!" ಎನ್ನುತ್ತಿದ್ದ. ಎರಡನೆಯ ತಿಂಗಳು ಹಾಕುವಾಗ ಕೈ ಸ್ವಲ್ಪ ತಡೆಯಿತು.

ಮೂರನೆಯ ತಿಂಗಳು ಕುರ್ಚಿಯ ಬುಡವೇ ಮುರಿದುಹೋಯಿತು. ರಿಪೇರಿಯವನು ನೋಡಿ, ಇದಕ್ಕೆ ಇನ್ನು ಮದ್ದಿಲ್ಲ ಎಂದ. ಹೊಸದು ತರಲು ಕೂಡಿಟ್ಟದ್ದು ಸಾಲದು. ಯಜಮಾನ ಹಿಂದೆ ಮುಂದೆ ನೋಡದೆ ಡಬ್ಬಿಯನ್ನೂ ಬೋರಲು ಹಾಕಿದ. ಸಂಜೆಯ ಹೊತ್ತಿಗೆ ಹೊಸ ಕುರ್ಚಿ ಬಂತು.

ಊಟಕ್ಕೆ ಕೂತಾಗ ಹೆಂಡತಿ ಮೆಲ್ಲಗೆ ಕೇಳಿದಳು. "ಕುರ್ಚಿ ಚೆನ್ನಾಗಿದೆ. ಇವತ್ತು ನಿಮ್ಮ ನಾಯಿಗೆ ಏನು ಊಟ?"

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. ಇದ್ದಿದ್ದರೆ ಅದು ಈಗ ಇಲ್ಲೇ, ಅವನ ಮೊಣಕಾಲಿಗೆ ಗಡ್ಡ ಒರಗಿಸಿಕೊಂಡು, ತಟ್ಟೆಯನ್ನೇ ನೋಡುತ್ತಾ ಕೂತಿರುತ್ತಿತ್ತು. ಅದಕ್ಕೆ ಕುರ್ಚಿ ಮುರಿದದ್ದು ಗೊತ್ತಿರುತ್ತಿರಲಿಲ್ಲ. ಹಸಿವು ಮಾತ್ರ ಗೊತ್ತಿರುತ್ತಿತ್ತು. ಯಜಮಾನ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟ.

"ಸದ್ಯ, ತರಲಿಲ್ಲ ಕಣೇ" ಎಂದ. "ಆದ್ರೂ ಆಸೆ ಹೋಗಿಲ್ಲ. ಬರೋ ತಿಂಗಳಿಂದ ಡಬ್ಬಿ ಮತ್ತೆ ಶುರು ಮಾಡೋಣ. ತುಂಬಿದ ಮೇಲೇ ಮರಿ."

"ಹಾಗಾದ್ರೆ ನಾನೂ ಹಾಕ್ತೀನಿ" ಎಂದಳು ಅವಳು.

ಮರುದಿನ ಮೀಸೆ ರಸ್ತೆ ದಾಟಿ ಬಂದು ಹೊಸ ಕುರ್ಚಿಯ ಮೇಲೆ ಹತ್ತಿ ಕೂತುಬಿಟ್ಟಿತು. ಷಡ್ಡಕ ಬಾಗಿಲಲ್ಲಿ ನಿಂತು ಆ ಕುರ್ಚಿಯ ಹೊಳಪನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮದೇ ಅದೃಷ್ಟ ಬಿಡಿ ಅಣ್ಣ" ಎಂದ, ಮುಖ ಸಣ್ಣದು ಮಾಡಿಕೊಂಡು. ಯಜಮಾನನಿಗೆ ಎಷ್ಟು ತಂಪಾಯಿತೋ!

ಅಕ್ಕಂದಿರೇ, ಅಣ್ಣಂದಿರೇ, ಪಕ್ಕದ ಮನೆಯ ನಾಯಿ ನೋಡಿ ನಿಮಗೂ ಹೊಟ್ಟೆ ಉರಿದರೆ ತಪ್ಪೇನಿಲ್ಲ, ನಮಗೂ ಉರಿಯುತ್ತದೆ. ಆದರೆ ಮರಿಯ ಬೆಲೆ ಕೇಳಿದ ಬಾಯಲ್ಲೇ ಅದರ ತಿಂಗಳ ಖರ್ಚನ್ನೂ ಕೇಳಿ. ಹತ್ತಿರದ ಪ್ರಾಣಿ ವೈದ್ಯರು ಹೇಳುತ್ತಾರೆ. ಇವತ್ತೇ ಮನೆಯಲ್ಲೊಂದು ಡಬ್ಬಿ ಇಡಿ, ಆರು ತಿಂಗಳು ತಪ್ಪದೆ ಹಾಕಿ. ಯಾವ ತಿಂಗಳು ಡಬ್ಬಿ ಖಾಲಿಯಾಯಿತೋ, ಆ ತಿಂಗಳು ನಿಮ್ಮ ನಾಯಿ ಉಪವಾಸ ಇತ್ತು ಎಂದು ತಿಳಿಯಿರಿ.