ಮನುಷ್ಯರ ಕೈ ಸೋಕದ ವರದಿ

ಪರದೆಯ ಮೇಲೆ ಒಂದು ನೀಲಿ ಚಕ್ರ ತಿರುಗುತ್ತಿರುತ್ತದೆ. ಅದರ ಕೆಳಗೆ, 'ನಮ್ಮ ಯಂತ್ರ ಮೂವತ್ತು ವರ್ಷಗಳ ದಾಖಲೆಗಳನ್ನು ಜಾಲಾಡುತ್ತಿದೆ, ದಯವಿಟ್ಟು ಕಾಯಿರಿ' ಎಂಬ ಸಾಲು. ಇನ್ನೂ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಮನುಷ್ಯರ ಕೈ ಸೋಕದ ವರದಿ'. ಮನೆ ಕೊಳ್ಳಲು ಹೊರಟವರು ಇದನ್ನು ನೋಡುತ್ತಾ ಕುಳಿತ ಹೊತ್ತಿಗೆ ಆ ಯಂತ್ರ ಸಾಮಾನ್ಯವಾಗಿ ಮೆಜೆಸ್ಟಿಕ್ಕಿನ ಮೆಟ್ರೋ ನಿಲ್ದಾಣದಲ್ಲಿ ಗಾಡಿ ಬದಲಾಯಿಸುತ್ತಿತ್ತು. ಅದರ ಬಗಲಲ್ಲಿ ರೆಕ್ಸಿನ್ ಚೀಲ, ಚೀಲದಲ್ಲಿ ಚಿತ್ರಾನ್ನದ ಡಬ್ಬಿ. ಯಂತ್ರದ ಹೆಸರು ಆಂಜಿನಪ್ಪ.

ವೈಟ್‌ಫೀಲ್ಡಿನ ಗಾಜಿನ ಕಟ್ಟಡವೊಂದರ ಐದನೇ ಮಹಡಿಯಲ್ಲಿ 'ಪತ್ರಕ್ಲಿಕ್' ಎಂಬ ಕಂಪನಿಯಿತ್ತು. ಮನೆ, ಸೈಟುಗಳ ಹಕ್ಕು ಸರಿಯಾಗಿದೆಯೇ ಎಂದು ಇಪ್ಪತ್ನಾಲ್ಕು ಗಂಟೆಯಲ್ಲಿ ಹುಡುಕಿ ಹೇಳುವುದು ಅದರ ಕಸುಬು. ಒಟ್ಟು ಮೂವತ್ತು ಜನ. ಇಪ್ಪತ್ತೆರಡು ಮಂದಿ ಆ ಚಕ್ರ ಚೆನ್ನಾಗಿ ತಿರುಗುವಂತೆ ನೋಡಿಕೊಳ್ಳುತ್ತಿದ್ದರು, ಏಳು ಮಂದಿ ಚಕ್ರದ ಪ್ರಚಾರ ಮಾಡುತ್ತಿದ್ದರು, ಉಳಿದ ಒಬ್ಬ ದಾಖಲೆ ಹುಡುಕುತ್ತಿದ್ದ. ಆಫೀಸಿನ ಹುಡುಗರು ಅವನನ್ನು ಬ್ಯಾಕೆಂಡ್ ಅಣ್ಣ ಎನ್ನುತ್ತಿದ್ದರು. ಅದು ಮರ್ಯಾದೆಯೋ ಗೇಲಿಯೋ ಆಂಜಿನಪ್ಪನಿಗೆ ಮೂರು ವರ್ಷವಾದರೂ ಖಚಿತವಾಗಿರಲಿಲ್ಲ.

ಖಚಿತವಿಲ್ಲದ ಸಂಗತಿಗಳು ಅವನಿಗೆ ಬೇಕಾದಷ್ಟಿದ್ದವು. ಹಗಲು ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದುಕೊಂಡು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದವನು ಅವನು. ಹಗಲು ಓದಿದವರಿಗೆಲ್ಲ ಗೊತ್ತಿರುವ ಯಾವುದೋ ಒಂದು ಪಾಠ, ಕರೆಂಟು ಹೋದ ಯಾವುದೋ ಒಂದು ಸಂಜೆ, ತನಗೆ ತಪ್ಪಿಹೋಗಿದೆ ಎಂಬ ಅನುಮಾನ ನಲವತ್ಮೂರನೇ ವಯಸ್ಸಿನಲ್ಲೂ ಬಿಟ್ಟಿರಲಿಲ್ಲ. ಆದ್ದರಿಂದ ಅವನು ಪ್ರತಿ ಪುಟವನ್ನೂ ಎರಡು ಸಲ ನೋಡುತ್ತಿದ್ದ. ಎರಡನೆಯ ಸಲ ನೋಡಿದ್ದು ಸರಿಯಾಗಿತ್ತೇ ಎಂದು ಮೂರನೆಯ ಸಲ ನೋಡುತ್ತಿದ್ದ.

ಬೆಂಗಳೂರಿನಲ್ಲಿ ಜನ ಬಹಳ ಆಸೆಪಟ್ಟು ಪಡೆಯುವ ಕಾಗದವೆಂದರೆ, 'ಏನೂ ಸಿಗಲಿಲ್ಲ' ಎಂದು ಬರೆದ ಕಾಗದ. ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲಿ, ಅಂದರೆ ಇಸಿಯಲ್ಲಿ, 'ನಿಲ್' ಎಂದು ಬಂದರೆ ಮನೆಮಂದಿಗೆಲ್ಲ ಹಬ್ಬ. ಏನೂ ಸಿಗಲಿಲ್ಲ ಎನ್ನುವುದಕ್ಕೂ ಏನೂ ಇಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ ಎನ್ನುವುದು ಆಂಜಿನಪ್ಪನಿಗೆ ಖಂಡಿತವಾಗಿ ಗೊತ್ತಿದ್ದ ಕೆಲವೇ ಸಂಗತಿಗಳಲ್ಲಿ ಒಂದು.

ಆ ವರ್ಷ, ಅಂದರೆ ಎರಡು ಸಾವಿರದ ಹದಿನೆಂಟರಲ್ಲಿ, ಇಸಿ ಮನೆಯಲ್ಲೇ ಕುಳಿತು ತೆಗೆಯುವ ಹಾಗಾಯಿತು. ಪತ್ರಕ್ಲಿಕ್ ಮಾಲೀಕ ಸಿದ್ಧಾರ್ಥ್ ಎಲ್ಲರಿಗೂ ಕೇಕು ತಿನ್ನಿಸಿದ. ಇನ್ನು ಮುಂದೆ ಯಂತ್ರ ನಿಜವಾಗಿಯೂ ಯಂತ್ರವೇ ಆಗುತ್ತದೆ. ನಿಲ್ ಬಂದರೆ ವರದಿ ಹಸಿರು, ಏನಾದರೂ ಸಿಕ್ಕರೆ ಕೆಂಪು. ಆ ಸರ್ಕಾರಿ ಜಾಲತಾಣ ತೋರಿಸುವುದು ಎರಡು ಸಾವಿರದ ನಾಲ್ಕರಿಂದ ಈಚೆಗಿನದನ್ನು ಮಾತ್ರ ಎಂದು ಆಂಜಿನಪ್ಪ ಮೆಲ್ಲಗೆ ಹೇಳಿದ. ಆಗ ಎಲ್ಲರ ಬಾಯಲ್ಲೂ ಕೇಕಿತ್ತು.

ಹೊಸ ಯಂತ್ರದ ಮೊದಲ ವಾರದಲ್ಲೇ ಶಾಂಭವಿ ಎಂಬವಳ ಅರ್ಜಿ ಬಂತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ, ಊರು ಗದಗಿನ ಕಡೆ. ರಾಜಗೋಪಾಲನಗರದಲ್ಲಿ ಸೊಣ್ಣಮ್ಮ ಎಂಬ ಮುದುಕಿಯ ಹೆಂಚಿನ ಮನೆ ಕೊಳ್ಳುತ್ತಿದ್ದಳು. ಸೊಣ್ಣಮ್ಮನ ಗಂಡ ವೆಂಕಟಪ್ಪ ತೀರಿಕೊಂಡು ಖಾತೆ ಆಕೆಯ ಹೆಸರಿಗೆ ಬಂದಿತ್ತು. ಜಾಲತಾಣ ನಾಲ್ಕು ಸೆಕೆಂಡಿನಲ್ಲಿ ನಿಲ್ ಎಂದಿತು. ವರದಿ ಹಸಿರಾಗಿ, ಇಪ್ಪತ್ನಾಲ್ಕು ಗಂಟೆ ತುಂಬಲೆಂದು ಕಾಯುತ್ತಿತ್ತು. ಬೇಗ ಕೊಟ್ಟರೆ ಜನ ನಂಬುವುದಿಲ್ಲವಾದ್ದರಿಂದ ಚಕ್ರ ಸುಮ್ಮನೆ ತಿರುಗುತ್ತಿತ್ತು.

ಆಂಜಿನಪ್ಪನಿಗೆ ಸುಮ್ಮನಿರಲಾಗಲಿಲ್ಲ. ಆ ಭಾಗ ಹಿಂದೆ ಬೇರೊಂದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಸೇರಿತ್ತೆಂದು ಅವನಿಗೆ ನೆನಪಿತ್ತು. ನೆನಪು ಸರಿಯೋ ತಪ್ಪೋ ನೋಡಿಬಿಡೋಣವೆಂದು ಮರುದಿನ ಬೆಳಿಗ್ಗೆಯೇ ಅಲ್ಲಿಗೆ ಹೋಗಿ, ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಹಳೆಯ ಸೂಚಿ ಪುಸ್ತಕ ತೆಗೆಸಿದ. ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಪುಟದಲ್ಲಿ, ನೀಲಿ ಶಾಯಿಯ ದುಂಡು ಅಕ್ಷರದಲ್ಲಿ ಇತ್ತು: ವೆಂಕಟಪ್ಪ ಈ ಮನೆಯನ್ನು ಮಗಳು ಮುನಿಯಕ್ಕನಿಗೆ ದಾನಪತ್ರ ಬರೆದುಕೊಟ್ಟಿದ್ದ. ಅಂದರೆ ಮನೆ ಸೊಣ್ಣಮ್ಮನದಲ್ಲ. ಶಾಂಭವಿ ಬ್ಯಾಂಕಿನ ಸಾಲವೆಲ್ಲ ಸುರಿದು ಸೊಣ್ಣಮ್ಮನಿಂದ ಬರೆಸಿಕೊಂಡರೆ ಅವಳ ಕೈಗೆ ಬರುವುದು ಬರಿಯ ಛಾಪಾ ಕಾಗದ.

ಆಂಜಿನಪ್ಪ ಮೂರು ಸಲ ಓದಿ ವೈಟ್‌ಫೀಲ್ಡಿಗೆ ಓಡಿಬಂದ.

"ಆಂಜಿನಪ್ಪ ಅವ್ರೇ, ನಮ್ಮ ಡ್ಯಾಶ್‌ಬೋರ್ಡಲ್ಲಿ ಎರಡೇ ಬಣ್ಣ," ಎಂದ ಸಿದ್ಧಾರ್ಥ್.

"ಹಳದಿ ಒಂದು ಇಟ್ಕೊಳ್ಳೋಣ ಸಾರ್. ವಿಚಾರಿಸಬೇಕು ಅಂತ."

"ಹಳದಿ ನೋಡಿದ್ರೆ ಕಸ್ಟಮರ್ ಯೋಚನೆ ಮಾಡ್ತಾನೆ. ಯೋಚನೆ ಮಾಡೋಕೆ ನಮ್ಮ ಹತ್ರ ಯಾಕೆ ಬರ್ತಾನೆ ಹೇಳಿ?"

"ಹಾಗಾದ್ರೆ ಕೆಂಪು ಹಾಕಿ ಸಾರ್."

"ಕೆಂಪು ವೆಬ್‌ಸೈಟಿಂದಾನೇ ಬರ್ಬೇಕು. ವೆಬ್‌ಸೈಟಲ್ಲಿ ನಿಲ್ ಇದೆ."

"ಪುಸ್ತಕದಲ್ಲಿದೆ ಸಾರ್."

"ಆ ಪುಸ್ತಕನ ನಮ್ಮ ಸಿಸ್ಟಮ್‌ಗೆ ಕನೆಕ್ಟ್ ಮಾಡ್ಬೋದಾ?"

ಆಂಜಿನಪ್ಪ ಯೋಚಿಸಿದ. ಪುಸ್ತಕಕ್ಕೆ ಕೆಂಪು ಬಟ್ಟೆಯ ಬೈಂಡಿತ್ತು, ಒಂದು ಮೂಲೆಯನ್ನು ಇಲಿ ತಿಂದಿತ್ತು.

"ಸರ್ಕಾರದ ಕಂಪ್ಯೂಟರೇ ಏನಿಲ್ಲ ಅಂತಿದೆ. ನೀವು ಇದೆ ಅಂತೀರಿ. ಇನ್ವೆಸ್ಟರ್ಸ್ ಬಂದು ಕೂತಿದ್ದಾರೆ, ನಾನು ಯಾರನ್ನ ನಂಬ್ಲಿ?" ಎಂದು ಸಿದ್ಧಾರ್ಥ್ ತನ್ನ ಫೋನಿನ ಕಡೆ ತಿರುಗಿದ. "ಇನ್ನೊಂದು ಮಾತು. ನಿಮ್ಮ ಹೆಸರು, ಫೋನು, ಫೋಟೋ ಹೊರಗಡೆ ಎಲ್ಲೂ ಕಾಣ್ಬಾರ್ದು. ಕಂಡ್ರೆ ನಿಮ್ಮ ಕೆಲಸಾನೂ ಇರಲ್ಲ, ನಮ್ಮ ಕಂಪನೀನೂ ಇರಲ್ಲ."

ಆಂಜಿನಪ್ಪ ಮೆಟ್ಟಿಲಿನ ಬಳಿ ಹೋಗಿ ನಿಂತ. ಬಹುಶಃ ತಾನೇ ತಪ್ಪು ಓದಿರಬಹುದು. ಆದರೆ ಮೂರು ಸಲವೂ ಒಂದೇ ತಪ್ಪು ಓದಲು ಸಾಧ್ಯವೇ? ಸಾಧ್ಯವೆಂದು ಐದು ನಿಮಿಷ ಅನ್ನಿಸಿತು. ಆರನೆಯ ನಿಮಿಷಕ್ಕೆ ಅರ್ಜಿಯಲ್ಲಿದ್ದ ಸಂಖ್ಯೆಗೆ ಫೋನು ಹಚ್ಚಿದ.

"ಶಾಂಭವಿ ಮೇಡಮ್ಮಾ? ಪತ್ರಕ್ಲಿಕ್ಕಿಂದ ಮಾತಾಡ್ತಿದೀನಿ. ನಿಮ್ಮ ವರದಿ ವಿಷಯ."

ಆ ಕಡೆ ಯಂತ್ರಗಳ ಸದ್ದು. "ವರದಿ ಕಂಪ್ಯೂಟರ್ ಮಾಡಾಕ್ಹತ್ತೈತ್ರೀ. ಚಕ್ರ ತಿರಗಾಕ್ಹತ್ತೈತಿ. ನೀವ್ಯಾರು?"

"ಅದು... ಆ ಕಂಪ್ಯೂಟರು ನಾನೇ ಮೇಡಂ."

"ಏನಂದ್ರಿ?"

"ಚಕ್ರ ತಿರುಗ್ತಾ ಇರುತ್ತಲ್ಲ, ಆಗ ಹುಡುಕೋದು ನಾನು."

"ಓಟಿಪಿ ಕೇಳಾಂವ ಅದೀರೇನು? ಮೊನ್ನಿ ನಮ್ಮ ಲೈನಿನ ಹುಡುಗಗ ಹಿಂಗಽ ಬ್ಯಾಂಕಿನಾಂವ ಅಂತ ಒಬ್ಬಾಂವ ಫೋನ್ ಮಾಡಿದ್ದ."

"ಓಟಿಪಿ ಬೇಡ ಮೇಡಂ. ಆ ಮನೆ ಸೊಣ್ಣಮ್ಮನೋರದ್ದಲ್ಲ. ಅವರ ಮಗಳು ಮುನಿಯಕ್ಕಂದು."

"ಒಂಬತ್ತ ವರ್ಷ ಆತು, ನಾ ಅದಽ ಮನಿ ಹಿಂದ ಬಾಡಿಗಿ ಅದೀನಿ. ನನಗಽ ಹೇಳ್ತೀರಿ? ಮನಷ್ಯಾರ ಕೈ ಸೋಕಂಗಿಲ್ಲ ಅಂತ ಅವರು ಬರದಾರ. ನೀವು ಮನಷ್ಯಾರು ಅದೀರಿ."

"ಹೌದು ಮೇಡಂ."

"ಮತ್ತ ಫೋನ್ ಇಡ್ರಿ."

ಸಂಜೆ ಐದಕ್ಕೆ ವರದಿ ಹಸಿರಾಗಿ ಹೊರಟಿತು. ಐದೂ ಹತ್ತಕ್ಕೆ ಶಾಂಭವಿಯ ದೂರು ಬಂತು: ತಾನೇ ನಿಮ್ಮ ಕಂಪ್ಯೂಟರ್ ಎಂದು ಹೇಳಿಕೊಂಡು ಯಾರೋ ಗಂಡಸು ಫೋನ್ ಮಾಡಿದ್ದಾನೆ, ಇಂಥವರ ಮೇಲೆ ಕ್ರಮ ಜರುಗಿಸಬೇಕು. ಪ್ರಚಾರದ ಹುಡುಗರು ಅದಕ್ಕೆ, 'ನಮ್ಮಲ್ಲಿ ಯಾವುದೇ ವ್ಯಕ್ತಿ ಇರುವುದಿಲ್ಲ' ಎಂದು ಉತ್ತರ ಬರೆದು, ಸರಿಯಾಗಿದೆಯೇ ನೋಡಲು ಆಂಜಿನಪ್ಪನಿಗೇ ಕೊಟ್ಟರು. ಅವನು ಒಂದು ಕಾಗುಣಿತ ತಿದ್ದಿದ.

ಶಾಂಭವಿಯ ನೋಂದಣಿಗೆ ಎಂಟು ದಿನವಿತ್ತು. ಆಂಜಿನಪ್ಪ ತನ್ನ ಕೈಯಿಂದಲೇ ಕಟ್ಟಿ ದಾನಪತ್ರದ ದೃಢೀಕೃತ ನಕಲು ತೆಗೆಸಿದ. ಭಾನುವಾರ ನಾಗಸಂದ್ರದಲ್ಲಿ ಮೆಟ್ರೋ ಇಳಿದು, ಆಟೋ ಹಿಡಿದು, ವಿಳಾಸ ಕೇಳಿಕೊಂಡು ಹೋದ. ಸೊಣ್ಣಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಶಾಂಭವಿ ಪಕ್ಕದಲ್ಲೇ ಕುಳಿತು ಸಿಪ್ಪೆ ಒಟ್ಟುಮಾಡುತ್ತಿದ್ದಳು.

"ಮೇಡಂ, ಮೊನ್ನೆ ಫೋನ್ ಮಾಡಿದ್ದು ನಾನು," ಎಂದ ಆಂಜಿನಪ್ಪ, ಗೇಟಿನ ಹೊರಗಿನಿಂದಲೇ.

"ಅಯ್ಯ, ಕಂಪ್ಯೂಟರ್ ಮನೀಗೇ ಬಂತಲ್ಲ," ಎಂದಳು ಶಾಂಭವಿ. ಕೈಯಲ್ಲಿದ್ದ ಸಿಪ್ಪೆಯನ್ನು ಮಾತ್ರ ಕೆಳಗಿಡಲಿಲ್ಲ.

ಆಂಜಿನಪ್ಪ ನಕಲನ್ನು ಚಾಚಿದ. ಶಾಂಭವಿ ಮೊಹರು ನೋಡಿದಳು, ಹಿಂದೆ ತಿರುಗಿಸಿ ನೋಡಿದಳು, ನಿಧಾನವಾಗಿ ಓದಿದಳು. "ಅಜ್ಜಿ, ನಿಮ್ಮ ಯಜಮಾನ್ರು ಈ ಮನಿ ಮುನಿಯಕ್ಕಗ ಬರದು ಕೊಟ್ಟಿದ್ರೇನು?"

"ಊ ಕಣವ್ವ," ಎಂದಳು ಸೊಣ್ಣಮ್ಮ, ಇನ್ನೊಂದು ಕಾಯಿ ಬಿಡಿಸುತ್ತಾ. "ಅವಳ ಮದುವೆ ಟೇಮಲ್ಲಿ ಬೀಗ್ರು ಮುಂದೆ ಜಂಬಕ್ಕೆ ಏನೋ ಬರೆಸ್ದ."

"ಮತ್ತ ನನಗ ಹೇಳ್ಬಾರದಽ?"

"ನೀನು ಕೇಳ್ಲೇ ಇಲ್ವಲ್ಲ. ಕಂಪೂಟ್ರನ್ನ ಕೇಳ್ತೀನಿ ಅಂತ ಒಂಟೋದೆ."

ಎರಡು ಬೀದಿ ಆಚೆ ಹೂವಿನಂಗಡಿ ಇಟ್ಟಿದ್ದ ಮುನಿಯಕ್ಕನಿಗೆ ಕರೆ ಹೋಯಿತು. ಅವಳು ಬಂದು, ವಿಷಯ ಕೇಳಿ, ಮನೆಯನ್ನು ಹೆಂಚಿನಿಂದ ಮೆಟ್ಟಿಲಿನವರೆಗೆ ಒಂದು ಸಲ ನೋಡಿದಳು. ಹೊಸ ಒಡತಿ ಮಾರುವುದಿಲ್ಲ ಎಂದರೆ ಅಲ್ಲಿಗೆ ಮುಗಿಯಿತು.

"ಅಂಗಾದ್ರೆ ಇಷ್ಟು ವರ್ಸ ನಮ್ಮವ್ವ ನನ್ನ ಮನೇಲಿ ಬಾಡಿಗೆ ಇಲ್ದಂಗೆ ಅವಳೆ," ಎಂದಳು ಮುನಿಯಕ್ಕ.

"ಅಂಗಾದ್ರೆ ಇಪ್ಪತ್ತೊಂಬತ್ತು ವರ್ಸದ ನೀರಿನ ಬಿಲ್ಲು ನೀನೇ ಕಟ್ಟು," ಎಂದಳು ಸೊಣ್ಣಮ್ಮ.

ಮುನಿಯಕ್ಕ ಮೊರದಿಂದ ಒಂದು ಹಿಡಿ ಕಾಯಿ ಎತ್ತಿಕೊಂಡು ಬಿಡಿಸಲು ಕುಳಿತಳು. "ನಮ್ಮವ್ವ ನಿಂಗೆ ಮಾತು ಕೊಟ್ಟವಳೆ ಶಾಂಭವಿ. ನಾನು ಬಂದು ಎಬ್ಬೆಟ್ಟು ಒತ್ತೀನಿ. ಆದ್ರೆ ಅವಳು ಸಾಯೋಗಂಟ ಮುಂದಿನ ರೂಮು ಅವಳಿಗಿರ್ಲಿ."

"ಅದಽ ನಾನೂ ಅನ್ಕೊಂಡಿದ್ದೆ. ಅಕಿಯಂಗ ಸಾರು ಮಾಡಾಕ ನನಗ ಬರಂಗಿಲ್ಲ."

ಮೂವತ್ತು ವರ್ಷದ ಗಂಟು ಒಂದು ಮೊರ ಅವರೆಕಾಯಿ ಬಿಡಿಸುವಷ್ಟರಲ್ಲಿ ಬಿಚ್ಚಿಕೊಂಡಿತ್ತು. ಆದರೆ ಖಾತೆ ಮುನಿಯಕ್ಕನ ಹೆಸರಿಗೆ ಬರಲು ಎರಡೂವರೆ ತಿಂಗಳಾಯಿತು. ಹಸಿರು ವರದಿ ಇರುವಾಗ ಮತ್ತೇಕೆ ಕಾಗದ ಬದಲಾಯಿಸುತ್ತೀರಿ ಎಂದು ಬ್ಯಾಂಕಿನವರು ಶಾಂಭವಿಯನ್ನು ನಾಲ್ಕು ಸಲ ಅಲೆಸಿದರು.

ನೋಂದಣಿಯ ದಿನ ಆಂಜಿನಪ್ಪ ಅರ್ಧ ದಿನದ ರಜೆ ಹಾಕಿ ಹೋಗಿದ್ದ. ಬರೆದದ್ದರಲ್ಲಿ ತಪ್ಪಿದೆಯೇ ನೋಡಿ ಹೋಗೋಣವೆಂದಷ್ಟೇ ಅವನ ಉದ್ದೇಶ. ಮುನಿಯಕ್ಕ ಕ್ಯಾಮೆರಾದ ಮುಂದೆ ಕುಳಿತು ಹೆಬ್ಬೆಟ್ಟು ಒತ್ತಿದಳು. ಎರಡನೆಯ ಸಾಕ್ಷಿಯಾಗಿ ಬರಬೇಕಿದ್ದವನು ಶಾಂಭವಿಯ ಲೈನಿನ ಹುಡುಗ; ಅವನಿಗೆ ಕಾರ್ಖಾನೆಯಲ್ಲಿ ಶಿಫ್ಟು ಬದಲಾಗಿ ಬರಲಾಗಲಿಲ್ಲ. ಇನ್ನು ಹತ್ತು ನಿಮಿಷ ಕಾಯುತ್ತೇವೆ, ಆಮೇಲೆ ನಾಳೆ ಬನ್ನಿ ಎಂದರು ಒಳಗಿನವರು.

"ನೀವಽ ಸಹಿ ಹಾಕ್ರಲ್ಲ ಸರ್," ಎಂದಳು ಶಾಂಭವಿ. "ಈ ಮನಿ ಕಥಿ ನಿಮಗಿಂತ ಹೆಚ್ಚು ಯಾರಿಗೆ ಗೊತ್ತೈತಿ?"

ಹೆಸರು ಹೊರಗೆಲ್ಲೂ ಕಾಣಬಾರದೆಂದು ಸಿದ್ಧಾರ್ಥ್ ಹೇಳಿದ್ದು ಆಂಜಿನಪ್ಪನಿಗೆ ನೆನಪಾಯಿತು. ಸಾಕ್ಷಿಯ ಹೆಸರು, ವಿಳಾಸ, ಉದ್ಯೋಗ, ಎಲ್ಲವೂ ಸ್ಕ್ಯಾನ್ ಆಗಿ ಸರ್ಕಾರದ ಕಂಪ್ಯೂಟರಿಗೆ ಸೇರುತ್ತದೆ. ಯಾರು ನಕಲು ತೆಗೆಸಿದರೂ ಕಾಣುತ್ತದೆ, ಇನ್ನು ನೂರು ವರ್ಷ. ಇಷ್ಟು ವರ್ಷ ಸಾವಿರಾರು ವರದಿ ಬರೆದಿದ್ದ. ಒಂದಕ್ಕೂ ಸಹಿ ಹಾಕಿರಲಿಲ್ಲ. ನಾಳೆ ಬನ್ನಿ ಎಂದರೆ ನಾಳೆ ಮುನಿಯಕ್ಕ ಹೂವಿನಂಗಡಿ ಮುಚ್ಚಿ ಬರಬೇಕು, ಸೊಣ್ಣಮ್ಮ ಮಂಡಿ ಹಿಡಿದುಕೊಂಡು ಈ ಮೆಟ್ಟಿಲು ಹತ್ತಬೇಕು. ಬ್ಯಾಂಕಿನವರಂತೂ ನಾಳೆ ಏನನ್ನುತ್ತಾರೋ.

ಅವನು ಪೆನ್ನು ಇಸಿದುಕೊಂಡ. ಹೆಸರು ಬರೆದ, ತಂದೆಯ ಹೆಸರು ಬರೆದ, ವಿಳಾಸ ಬರೆದ. ಉದ್ಯೋಗದ ಮುಂದೆ ಪೆನ್ನು ನಿಂತಿತು. ಬ್ಯಾಕೆಂಡ್ ಎಂದು ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ಕೊನೆಗೆ, 'ದಾಖಲೆ ಹುಡುಕುವ ಗುಮಾಸ್ತ, ಪತ್ರಕ್ಲಿಕ್, ವೈಟ್‌ಫೀಲ್ಡ್' ಎಂದು ಪೂರ್ತಿಯಾಗಿ, ದುಂಡಗೆ ಬರೆದು ಸಹಿ ಹಾಕಿದ.

ಕಾಗದ ಒಳಗೆ ಹೋಯಿತು. ಆಂಜಿನಪ್ಪ ಬೆಂಚಿನ ತುದಿಯಲ್ಲಿ ಕುಳಿತ. "ಮೇಡಂ, ನನ್ನ ವಿಳಾಸದಲ್ಲಿ ಮನೆ ನಂಬರ್ ನೂರಾ ಹದಿನೇಳು ಅಂತಲೇ ಬರೆದೆ ಅಲ್ವಾ?"

"ಅದಽ ಬರದೀರಿ ಸರ್. ನಾ ನೋಡೀನಿ."

ಆಂಜಿನಪ್ಪ ತಲೆಯಾಡಿಸಿದ. ಸ್ವಲ್ಪ ಹೊತ್ತು ಕುಳಿತಿದ್ದು, ಆಮೇಲೆ ಎದ್ದುಹೋಗಿ, ಪತ್ರ ಬರೆಯುವವನ ಬಳಿ ತಾನು ಸಹಿ ಹಾಕಿದ ಹಾಳೆಯ ಜೆರಾಕ್ಸ್ ಪ್ರತಿ ಏನಾದರೂ ಉಳಿದಿದೆಯೇ ಎಂದು ಕೇಳಿದ.